ಚಾಸರನ ‘ಫ್ರೀಡಂ’ ಅಂದರೆ ಸ್ವಾತಂತ್ರ್ಯ ಅಲ್ವಾ? ಮಧ್ಯಯುಗದ ಇಂಗ್ಲಿಷಿನ ಗುಣದ ಮಾತುಗಳು

ಸಂಪಿಗೆಮರ:

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲಿಷ್ ಎಂ.ಎ. ಎರಡನೇ ವರ್ಷದ ವಿದ್ಯಾರ್ಥಿನಿ. ಹದಿನಾಲ್ಕನೇ ಶತಮಾನದ ಇಂಗ್ಲಿಷ್ ಕವಿ ಚಾಸರನ ಕ್ಯಾಂಟರ್‌ಬರಿ ಕಥೆಗಳ (ಯಾತ್ರೆ ಹೊರಟವರು ಒಬ್ಬೊಬ್ಬರಾಗಿ ಹೇಳುವ ಕಥೆಗಳು) ಪೀಠಿಕೆ ನಮಗೆ ಪಠ್ಯ. ಅದರಲ್ಲಿ ಬರುವ ಯಾತ್ರಿಕರ ಚಿತ್ರಗಳನ್ನು ಒಂದೊಂದಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಪರೀಕ್ಷೆಗಲ್ಲ, ನನ್ನ ಖುಷಿಗೆ.

ಮೊದಲ ಚಿತ್ರ ನೈಟ್‌ನದು, ಅಂದರೆ ಕುದುರೆಯೇರಿ ಹೋರಾಡುವ ವೀರನದು. ಅವನಿಗೆ ಇಷ್ಟವಾದ ಗುಣಗಳು ಇವು ಎಂದು ಚಾಸರ್ ಹೇಳುತ್ತಾನೆ: ಟ್ರೂತ್, ಆನರ್, ಫ್ರೀಡಂ, ಕರ್ಟಸಿ. ನಾನು ‘ಸತ್ಯ, ಗೌರವ, ಸ್ವಾತಂತ್ರ್ಯ, ಸೌಜನ್ಯ’ ಎಂದು ಬರೆದೆ. ತರಗತಿಯಲ್ಲಿ ಓದಿದಾಗ ಮೇಷ್ಟ್ರು ‘ನಾಲ್ಕರಲ್ಲಿ ಎರಡು ತಪ್ಪಿದೆ, ಯೋಚನೆ ಮಾಡಿ’ ಎಂದರು. ಅಷ್ಟರಲ್ಲಿ ಬೆಲ್ ಆಯಿತು. ಎರಡು ವಾರದಿಂದ ಯೋಚನೆ ಮಾಡುತ್ತಿದ್ದೇನೆ. ಯಾವ ಎರಡು?

ಇದೊಂದೇ ಅಲ್ಲ. ಸೇಲಿ, ಹೆಂಡೆ, ಸ್ಯಾಡ್, ಡೇಂಜರಸ್, ಬಕ್ಸಮ್ ಅಂತ ನನ್ನ ನೋಟ್ಸ್ ತುಂಬ ಇಂಥ ಮಾತುಗಳೇ. ಅರ್ಧ ಗೊತ್ತಿರುವ ಹಾಗೆ ಕಾಣುತ್ತವೆ, ಕೂಡಿಸಿ ಓದಿದರೆ ಸಾಲು ಅರ್ಥವಾಗುವುದಿಲ್ಲ. ಓದಿಕೊಂಡವರು ದಯವಿಟ್ಟು ಹೇಳಿ.

ಹಳೇಬೀಡಿನ ಓದುಗ:

ತಪ್ಪಿರುವುದು ಮೊದಲನೆಯದು ಮತ್ತು ಮೂರನೆಯದು. ನಾನು ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವನು. ಪ್ರತಿ ವರ್ಷ ಅರ್ಧ ತರಗತಿ ಇಲ್ಲೇ ಎಡವುತ್ತಿತ್ತು, ಬೇಜಾರು ಮಾಡಿಕೊಳ್ಳಬೇಡಮ್ಮ.

ಫ್ರೀಡಂ ಇಲ್ಲಿ ಸ್ವಾತಂತ್ರ್ಯ ಅಲ್ಲ. ಧಾರಾಳತನ. ಕೈಬಿಚ್ಚಿ ಕೊಡುವ ಗುಣ. ಯಾರ ಆಳೂ ಅಲ್ಲದೆ ಹುಟ್ಟಿದವನು ‘ಫ್ರೀ’. ಅಂಥವನ ನಡತೆ ಹೇಗಿರಬೇಕು? ಕೊಡುವಾಗ ಲೆಕ್ಕ ಹಾಕಬಾರದು. ಹುಟ್ಟನ್ನು ಹೇಳುವ ಮಾತು ಹೀಗೆ ನಡತೆಯನ್ನು ಹೇಳುವ ಮಾತಾಯಿತು.

ಇದನ್ನು ನಂಬಬೇಕೆಂದರೆ ಅದೇ ಪುಸ್ತಕದಲ್ಲಿ ಫ್ರಾಂಕ್ಲಿನ್ (ಜಮೀನಿರುವ ಒಬ್ಬ ಯಾತ್ರಿಕ) ಹೇಳುವ ಕಥೆ ಓದಿ. ಫ್ರಾನ್ಸಿನ ಬ್ರಿಟನಿಯಲ್ಲಿ ಡೋರಿಜೆನ್ ಎಂಬ ಹೆಂಗಸು. ಗಂಡ ಆರ್ವೆರಾಗಸ್ ಇಂಗ್ಲೆಂಡಿಗೆ ಹೋಗಿದ್ದಾನೆ. ಆರೇಲಿಯಸ್ ಎಂಬ ಯುವಕ ಇವಳ ಬೆನ್ನು ಬೀಳುತ್ತಾನೆ. ಇವಳು ತಮಾಷೆಗೆ ‘ಈ ಕಡಲ ದಂಡೆಯ ಕರಿಬಂಡೆಗಳನ್ನೆಲ್ಲ ಇಲ್ಲವಾಗಿಸು, ಆಗ ನಿನ್ನವಳಾಗುತ್ತೇನೆ’ ಎಂದುಬಿಡುತ್ತಾಳೆ. ಅವನು ಆರ್ಲಿಯನ್ಸ್‌ನ ಒಬ್ಬ ಪಂಡಿತನಿಗೆ ಸಾವಿರ ಪೌಂಡ್ ಒಪ್ಪಿಕೊಂಡು, ಮಾಯವಿದ್ಯೆಯಿಂದ ಬಂಡೆಗಳು ಕಾಣದ ಹಾಗೆ ಮಾಡಿಸುತ್ತಾನೆ. ಹೆಂಡತಿ ಅಳುತ್ತಾ ಗಂಡನಿಗೆ ಹೇಳುತ್ತಾಳೆ. ಗಂಡ ‘ಮಾತು ಕೊಟ್ಟಿದ್ದೀಯ, ಹೋಗು. ಮನುಷ್ಯ ಉಳಿಸಿಕೊಳ್ಳಬಹುದಾದ ಎಲ್ಲಕ್ಕಿಂತ ದೊಡ್ಡದು ಟ್ರೂತ್’ ಎನ್ನುತ್ತಾನೆ. ಹೇಳಿದ ಕೂಡಲೇ ಅವನೂ ಅಳುತ್ತಾನೆ. ಅದನ್ನು ಕೇಳಿ ಆರೇಲಿಯಸ್ ಕರಗಿ ಅವಳನ್ನು ಮನೆಗೆ ಕಳಿಸಿಬಿಡುತ್ತಾನೆ. ಅವನ ಕಥೆ ಕೇಳಿದ ಪಂಡಿತ ಸಾವಿರ ಪೌಂಡ್ ಸಾಲವನ್ನೇ ಬಿಟ್ಟುಕೊಡುತ್ತಾನೆ.

ಕೊನೆಯಲ್ಲಿ ಫ್ರಾಂಕ್ಲಿನ್ ಕೇಳುಗರನ್ನು ಕೇಳುತ್ತಾನೆ: ಇವರಲ್ಲಿ ಎಲ್ಲರಿಗಿಂತ ‘ಫ್ರೀ’ ಯಾರು, ನಿಮಗೆ ಏನನ್ನಿಸುತ್ತೆ?

‘ಯಾರು ಹೆಚ್ಚು ಸ್ವತಂತ್ರರು’ ಎಂದು ಬರೆದು ನೋಡಿ. ಕಥೆ ಅಲ್ಲೇ ಬಿದ್ದು ಹೋಗುತ್ತದೆ. ‘ಯಾರ ಮನಸ್ಸು ದೊಡ್ಡದು’ ಎಂದರೆ ಎದ್ದು ನಿಲ್ಲುತ್ತದೆ.

ಟ್ರೂತ್ ಕೂಡ ಇದೇ ಕಥೆಯಲ್ಲಿ ಸಿಕ್ಕಿಬಿಡುತ್ತದೆ. ಅದು ನಿಜ ಹೇಳುವುದಲ್ಲ, ಕೊಟ್ಟ ಮಾತಿಗೆ ನಿಲ್ಲುವುದು. ನಮ್ಮಲ್ಲಿ ‘ಭಾಷೆ ಕೊಟ್ಟೆ’ ಅಂತಾರಲ್ಲ, ಆ ಭಾಷೆ.

ಸಂಪಿಗೆಮರ:

ಸರ್, ‘ಯಾರ ಮನಸ್ಸು ದೊಡ್ಡದು’ ಎಂದು ಓದಿದ ಕೂಡಲೇ ಮೈ ಜುಮ್ಮೆಂದಿತು. ಆ ಕಥೆ ನಮಗೆ ಪಠ್ಯದಲ್ಲಿಲ್ಲ. ಇವತ್ತೇ ಓದುತ್ತೇನೆ. ಹಾಗಾದರೆ ಸೇಲಿ? ಪುಸ್ತಕದ ಹಿಂದಿನ ಅರ್ಥಕೋಶದಲ್ಲಿ ‘ಬಡಪಾಯಿ, ಪುಣ್ಯವಂತ, ಮುಗ್ಧ, ಪೆದ್ದ’ ಎಂದು ನಾಲ್ಕೂ ಕೊಟ್ಟಿದ್ದಾರೆ. ಪುಣ್ಯವಂತನೂ ಪೆದ್ದನೂ ಒಂದೇ ಮಾತಿನಲ್ಲಿ ಹೇಗೆ?

ಕಡಲತಡಿ:

ನಾನು ಉಡುಪಿ ಕಡೆಯವಳು. ನಮ್ಮಲ್ಲಿ ಯಾರಾದರೂ ಮೆತ್ತಗಿದ್ದರೆ ‘ಅವ ಪಾಪದವ ಮಾರಾಯ್ರೇ’ ಅಂತೇವೆ. ಪಾಪ ಮಾಡಿದವ ಎಂದಲ್ಲ. ಯಾರ ತಂಟೆಗೂ ಹೋಗದವ, ಯಾರು ಬೇಕಾದರೂ ಮೋಸ ಮಾಡಬಹುದಾದವ ಎಂದು ಅರ್ಥ. ಸೇಲಿ ಓದಿದಾಗ ನನಗೆ ಮೊದಲು ಹೊಳೆದದ್ದೇ ಇದು.

ಇನ್ನೂ ಹತ್ತಿರದ್ದು ‘ಸಾಧು’. ಸಾಧು ಅಂದರೆ ಸಂತ. ಆದರೆ ‘ನಮ್ಮ ಹಸು ತುಂಬ ಸಾಧು’ ಅಂತಲೂ ಹೇಳುತ್ತೇವೆ. ಹಾಯುವುದಿಲ್ಲ, ಒದೆಯುವುದಿಲ್ಲ ಎಂದು. ಆಮೇಲೆ ‘ತೀರಾ ಸಾಧು ಆದ್ರೆ ಆಗ್ಲಿಕ್ಕಿಲ್ಲ’ ಅಂತಲೂ ಅಂತೇವೆ. ಸಂತನಿಂದ ಹಸುವಿಗೆ, ಹಸುವಿನಿಂದ ಪೆದ್ದನಿಗೆ. ಸೇಲಿ ನಡೆದ ದಾರಿಯೂ ಹೆಚ್ಚುಕಡಿಮೆ ಇದೇ. ಮೊದಲು ದೇವರ ದಯೆ ಇರುವವನು. ಆಮೇಲೆ ಕಪಟ ಅರಿಯದವನು. ಆಮೇಲೆ ಅಯ್ಯೋ ಪಾಪ ಅನಿಸಿಕೊಳ್ಳುವವನು. ಇವತ್ತಿನ ಇಂಗ್ಲಿಷಿನ ‘ಸಿಲ್ಲಿ’ ಇದೇ ಮಾತು.

ಹಳೇಬೀಡಿನ ಓದುಗ:

ಕಡಲತಡಿ ಅವರೇ, ಇಷ್ಟು ಚೆನ್ನಾಗಿ ನಾನು ಒಂದು ಸಲವೂ ಪಾಠ ಮಾಡಲಿಲ್ಲ. ಯಾತ್ರಿಕರಲ್ಲಿ ಮಿಲ್ಲರ್, ಅಂದರೆ ಹಿಟ್ಟಿನ ಗಿರಣಿಯವನು, ಹೇಳುವ ಕಥೆಗೆ ಇದನ್ನು ಹಚ್ಚಿ ನೋಡೋಣ.

ಆಕ್ಸ್‌ಫರ್ಡಿನಲ್ಲಿ ಜಾನ್ ಎಂಬ ಬಡಗಿ. ವಯಸ್ಸಾದವನು. ಹೆಂಡತಿ ಆಲಿಸನ್‌ಗೆ 18 ವರ್ಷ. ಮನೆಯಲ್ಲಿ ಬಾಡಿಗೆಗಿರುವ ವಿದ್ಯಾರ್ಥಿ ನಿಕೊಲಸ್. ನೋಹನ ಕಾಲದ್ದಕ್ಕಿಂತ ದೊಡ್ಡ ಪ್ರಳಯ ಬರುತ್ತೆ ಎಂದು ಇವನು ಬಡಗಿಯನ್ನು ನಂಬಿಸುತ್ತಾನೆ. ಸೂರಿಗೆ ಮೂರು ತೊಟ್ಟಿ ನೇತುಹಾಕಿ ಅದರಲ್ಲಿ ಮಲಗಬೇಕಂತೆ. ಬಡಗಿ ತೊಟ್ಟಿಯಲ್ಲಿ ನಿದ್ದೆ ಹೋದ ಮೇಲೆ ಉಳಿದಿಬ್ಬರೂ ಮೆಲ್ಲಗೆ ಕೆಳಗಿಳಿಯುತ್ತಾರೆ.

ಚಾಸರ್ ಈ ಬಡಗಿಯನ್ನು ಮತ್ತೆ ಮತ್ತೆ ‘ಸೇಲಿ’ ಎನ್ನುತ್ತಾನೆ. ನಿಕೊಲಸ್‌ನನ್ನು ಮತ್ತೆ ಮತ್ತೆ ‘ಹೆಂಡೆ’ ಎನ್ನುತ್ತಾನೆ. ಅದು ಹೆಸರಿಗೇ ಅಂಟಿಕೊಂಡುಬಿಟ್ಟಿದೆ. ಹೆಂಡೆ ಅಂದರೆ ನಯಸ್ಥ, ಚೆಂದದವ. ಹಳೆಯ ವೀರರ ಕಥೆಗಳಲ್ಲಿ ನಾಯಕನಿಗೆ ಹೇಳುತ್ತಿದ್ದ ಮಾತು. ಅದರೊಳಗೆ ‘ಹ್ಯಾಂಡ್’, ಅಂದರೆ ಕೈ ಇದೆ. ಕೈಗೆ ಸಿಗುವವ, ಹತ್ತಿರವೇ ಇರುವವ, ಕೈಚಳಕದವ ಎಂಬ ಅರ್ಥಗಳೂ ಅದಕ್ಕಿವೆ. ನಿಕೊಲಸ್ ಅದೇ ಮನೆಯಲ್ಲಿರುವವನು. ಗಂಡ ಊರಲ್ಲಿಲ್ಲದ ದಿನ ಆಲಿಸನ್ ಮೇಲೆ ಅವನು ಮೊದಲು ಮಾಡುವುದೇ ಕೈ ಹಾಕುವುದು. ಗುಣದ ಮಾತು ಒಂದೇ, ಆದರೆ ಎಲ್ಲ ಅರ್ಥಗಳೂ ಒಟ್ಟಿಗೆ ಕೆಲಸ ಮಾಡುತ್ತಿವೆ.

ಬಡಗಿಯ ವಿಷಯ. ಪ್ರಳಯ ಎಂದು ಕೇಳಿದ ಕೂಡಲೇ ಅವನ ಬಾಯಿಂದ ಬರುವ ಮಾತು ‘ಅಯ್ಯೋ ನನ್ನ ಹೆಂಡತಿ! ಅವಳೂ ಮುಳುಗಬೇಕಾ? ಅಯ್ಯೋ ನನ್ನ ಆಲಿಸನ್!’ ತನ್ನ ಜೀವದ ಮಾತೇ ಇಲ್ಲ. ಅದಕ್ಕೇ ಸೇಲಿಯನ್ನು ‘ಪೆದ್ದ’ ಎಂದು ಬರೆದರೆ ನನಗೆ ಒಪ್ಪಿಗೆಯಿಲ್ಲ. ‘ಪಾಪದವ’ ಎಂದರೆ ನಗುವೂ ಉಳಿಯುತ್ತೆ, ಅಯ್ಯೋ ಎನ್ನುವುದೂ ಉಳಿಯುತ್ತೆ.

ತಾಳೆಗರಿ:

ಎಲ್ಲವೂ ಸರಿ. ಆದರೆ ಒಂದು ಆಕ್ಷೇಪ. ಹೀಗೆ ಮನೆಮಾತಿನ ಪದಗಳನ್ನೇ ಹಾಕುತ್ತಾ ಹೋದರೆ ನೈಟ್ ನಮ್ಮೂರ ಪಟೇಲರ ಹಾಗೆ ಕೇಳಿಸುವುದಿಲ್ಲವೇ? ಗಂಭೀರವಾದ ಕಡೆ ‘ಔದಾರ್ಯ’, ‘ಸ್ಥೈರ್ಯ’ ಬೇಕೇ ಬೇಕು. 1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಮಾತು ಫ್ರೆಂಚ್ ಆಯಿತು. ಕರ್ಟಸಿ, ಆನರ್, ಜೆಂಟಿಲ್ (ಕುಲೀನ) ಎಲ್ಲ ಆ ಕಡೆಯಿಂದ ಬಂದ ಅರಮನೆಯ ಮಾತುಗಳು. ಹೆಂಡೆ, ಸೇಲಿ ನೆಲದ ಮಾತುಗಳು. ಆ ಎರಡು ಮಟ್ಟ ಕನ್ನಡದಲ್ಲೂ ಕಾಣಬೇಕು.

ಹಳೇಬೀಡಿನ ಓದುಗ:

ಒಪ್ಪಿದೆ. ಆನರ್‌ಗೂ ಕರ್ಟಸಿಗೂ ಸ್ವಲ್ಪ ಅರಮನೆಯ ಬಣ್ಣ ಇರಲಿ. ಆದರೆ ಫ್ರೀಡಂ, ಟ್ರೂತ್ ಎರಡೂ ಫ್ರೆಂಚ್ ಬರುವ ಮೊದಲೇ ಇದ್ದ ಇಂಗ್ಲಿಷ್ ಮಾತುಗಳು. ಚಾಸರ್ ಆ ಒಂದೇ ಸಾಲಿನಲ್ಲಿ ಎರಡು ನೆಲದ್ದು, ಎರಡು ಅರಮನೆಯದ್ದು ಇಟ್ಟಿದ್ದಾನೆ.

ತಾಳೆಗರಿ:

ಅದನ್ನು ಗಮನಿಸಿರಲಿಲ್ಲ. ಹಾಗಾದರೆ ‘ಸ್ಯಾಡ್’ ನಾನು ಹೇಳುತ್ತೇನೆ, ಇದು ನನಗೆ ತುಂಬ ಇಷ್ಟದ ಮಾತು.

ಕ್ಲರ್ಕ್ (ಗುಮಾಸ್ತ ಅಲ್ಲ, ಆಕ್ಸ್‌ಫರ್ಡಿನ ವಿದ್ಯಾರ್ಥಿ) ಹೇಳುವ ಕಥೆಯಲ್ಲಿ ಗ್ರಿಸೆಲ್ಡಾ ಬರುತ್ತಾಳೆ. ಬಡವರ ಮಗಳು. ಇಟಲಿಯ ಸಲುಜ್ಜೊದ ದೊರೆ ವಾಲ್ಟರ್ ಅವಳನ್ನು ಮದುವೆಯಾಗುತ್ತಾನೆ. ಆಮೇಲೆ ಪರೀಕ್ಷೆ ಮಾಡುತ್ತೇನೆಂದು ಮಗಳನ್ನು ಕಿತ್ತುಕೊಳ್ಳುತ್ತಾನೆ, ಮಗನನ್ನು ಕಿತ್ತುಕೊಳ್ಳುತ್ತಾನೆ, ಕೊನೆಗೆ ಅವಳನ್ನೇ ತವರಿಗೆ ಅಟ್ಟುತ್ತಾನೆ. ಅವಳು ಒಂದು ಮಾತಿಗೂ ತಪ್ಪುವುದಿಲ್ಲ. ಇವಳನ್ನು ಚಾಸರ್ ‘ಸ್ಯಾಡ್’ ಎನ್ನುತ್ತಾನೆ. ಈಗಿನವರು ಓದಿದರೆ ಮಕ್ಕಳನ್ನು ಕಳೆದುಕೊಂಡು ದುಃಖದಲ್ಲಿದ್ದಾಳೆ ಎಂದುಕೊಳ್ಳುತ್ತಾರೆ. ಹಾಗಲ್ಲ. ದುಃಖವನ್ನು ಮುಖದ ಮೇಲೆ ತೋರಿಸದೆ ನಿಂತಿದ್ದಾಳೆ ಎಂದರ್ಥ. ಬಹುತೇಕ ಉಲ್ಟಾ!

ಆ ಮಾತಿನ ಮೂಲದಲ್ಲಿರುವುದು ‘ಹೊಟ್ಟೆ ತುಂಬಿದ’ ಎಂಬ ಅರ್ಥ. ತುಂಬಿದ್ದು ಭಾರವಾಗುತ್ತೆ. ಭಾರವಾದದ್ದು ಅಲುಗಾಡುವುದಿಲ್ಲ. ಹಾಗೆ ಸ್ಥಿರ, ಗಟ್ಟಿ, ಗಂಭೀರ ಎಂಬ ಅರ್ಥ ಬಂತು. ಮನಸ್ಸು ಭಾರ ಎನ್ನುವುದು ಆಮೇಲಿನದು. ನಾನು ‘ಸ್ಥಿರಚಿತ್ತೆ’ ಎಂದು ಬರೆದಿದ್ದೆ. ಈ ಚರ್ಚೆ ಓದಿದ ಮೇಲೆ ‘ತೂಕದ ಹೆಂಗಸು’ ಎನ್ನಬಹುದು ಅನಿಸುತ್ತಿದೆ. ತುಂಬಿದ್ದು, ಭಾರ, ಅಲುಗದ್ದು ಮೂರೂ ಅದರಲ್ಲಿ ಬಂತು.

ಕಡಲತಡಿ:

ತೂಕದ ಹೆಂಗಸು! ಅದನ್ನೇ ಇಡಿ, ಬದಲಾಯಿಸಬೇಡಿ.

ಬಕ್ಸಮ್ ಬಗ್ಗೆ ನಾನು ಹೇಳಲಾ? ಈಗ ಆ ಮಾತನ್ನು ಮೈತುಂಬಿಕೊಂಡ ಹೆಂಗಸಿಗೆ ಹೇಳುತ್ತಾರೆ. ಆಗ ಅದರ ಅರ್ಥ ಬಗ್ಗುವ, ಹೇಳಿದಂತೆ ಕೇಳುವ ಎಂದು. ಮಧ್ಯಯುಗದ ಇಂಗ್ಲೆಂಡಿನ ಮದುವೆಯಲ್ಲಿ ಹೆಣ್ಣು ‘ಹಾಸಿಗೆಯಲ್ಲೂ ಊಟದ ಹಲಗೆಯಲ್ಲೂ ಬಕ್ಸಮ್ ಆಗಿರುತ್ತೇನೆ’ ಎಂದು ಮಾತು ಕೊಡಬೇಕಿತ್ತು. ನಮ್ಮ ಅಜ್ಜಿ ಮದುವೆಯಾಗಿ ಹೊರಟ ಹುಡುಗಿಗೆ ‘ತಗ್ಗಿ ಬಗ್ಗಿ ನಡೆ ಮಗಾ’ ಅಂತಿದ್ದರು. ಅಕ್ಷರಕ್ಕೆ ಅಕ್ಷರ ಅದೇ. ಒಂದು ಸಮಾಧಾನ ಏನೆಂದರೆ ಆ ಮಾತನ್ನು ಗಂಡಸರಿಗೂ ಬಳಸುತ್ತಿದ್ದರು. ದೇವರ ಮುಂದೆ, ದೊರೆಯ ಮುಂದೆ ಬಗ್ಗುವವನೂ ಬಕ್ಸಮ್ಮೇ.

ಸಹ್ಯಾದ್ರಿ ಮಳೆ:

ನಾನು ಆಯುರ್ವೇದ ಓದಿದವನು, ಸಾಹಿತ್ಯ ಬರೀ ಹವ್ಯಾಸ. ಒಂದು ಪ್ರಶ್ನೆ. ಚಾಸರನ ರೀವ್ ‘ಕೊಲೆರಿಕ್’, ಫ್ರಾಂಕ್ಲಿನ್ ‘ಸ್ಯಾಂಗ್ವಿನ್’ ಎಂದು ಬರುತ್ತೆ. ಇದು ನಮ್ಮ ವಾತ ಪಿತ್ತ ಕಫದ ಹಾಗೆಯೇ ಅಲ್ವಾ? ಕೊಲೆರಿಕ್ ಅನ್ನು ‘ಪಿತ್ತ ಪ್ರಕೃತಿ’ ಎಂದು ಬರೆಯಬಹುದಾ?

ತಾಳೆಗರಿ:

ಬರೆಯಬಹುದು, ಆದರೆ ಎಚ್ಚರ ಬೇಕು. ಅವರದು ಮೂರಲ್ಲ, ನಾಲ್ಕು. ರಕ್ತ (ಇದು ಹೆಚ್ಚಿದ್ದವನು ಸ್ಯಾಂಗ್ವಿನ್), ಕಫ, ಹಳದಿ ಪಿತ್ತ (ಇದು ಹೆಚ್ಚಿದ್ದವನು ಕೊಲೆರಿಕ್), ಕಪ್ಪು ಪಿತ್ತ. ಗ್ರೀಕರ ಕಾಲದಿಂದ ಬಂದ ವೈದ್ಯ. ಒಂದೊಂದಕ್ಕೂ ಬಿಸಿ ತಣ್ಣಗೆ, ಒದ್ದೆ ಒಣ ಎಂಬ ಜೋಡಿ ಗುಣ. ಈ ನಾಲ್ಕರ ಬೆರಕೆಯೇ ‘ಕಾಂಪ್ಲೆಕ್ಷನ್’. ಈಗ ಅದು ಬರೀ ಮುಖದ ಬಣ್ಣ. ಆಗ ಇಡೀ ಮನುಷ್ಯನ ಪ್ರಕೃತಿ. ಆ ಮಾತಿಗಂತೂ ‘ಪ್ರಕೃತಿ’ ಸರಿಯಾಗಿ ಕೂರುತ್ತೆ.

ರೀವ್ ಅಂದರೆ ಜಮೀನಿನ ಪಾರುಪತ್ಯಗಾರ. ಬಡಕಲು ದೇಹ, ಕಡ್ಡಿಯಂಥ ಕಾಲು. ಕೈಕೆಳಗಿನವರಿಗೆ ಅವನೆಂದರೆ ಸಾವಿನಷ್ಟು ಭಯ. ಚಾಸರ್ ಮೊದಲೇ ಕೊಲೆರಿಕ್ ಎಂದು ಹೇಳಿಟ್ಟಿದ್ದಾನೆ. ಇವನು ಕಸುಬಿನಲ್ಲಿ ಬಡಗಿ ಕೂಡ. ಮಿಲ್ಲರ್ ಆ ಬಡಗಿಯ ಕಥೆ ಹೇಳಿದಾಗ ಎಲ್ಲರೂ ನಕ್ಕರೆ ಇವನೊಬ್ಬನಿಗೆ ಪಿತ್ತ ನೆತ್ತಿಗೇರುತ್ತದೆ. ತನ್ನ ಸರದಿಯಲ್ಲಿ ಒಬ್ಬ ಮಿಲ್ಲರ್‌ನ ಮಾನ ಕಳೆಯುವ ಕಥೆ ಹೇಳಿ ಸೇಡು ತೀರಿಸಿಕೊಳ್ಳುತ್ತಾನೆ. ಪೀಠಿಕೆಯಲ್ಲಿಟ್ಟ ಒಂದು ಮಾತು ಅಷ್ಟು ದೂರ ಹೋಗಿ ಕೆಲಸ ಮಾಡುತ್ತೆ.

ದೂರದೂರು:

ನಾನು ಇಂಗ್ಲೆಂಡಿನ ಎಸೆಕ್ಸ್‌ನಲ್ಲಿದ್ದೇನೆ, ಊರು ದಾವಣಗೆರೆ. ಎಲ್ಲರೂ ಚಾಸರ್ ಬಗ್ಗೆ ಮಾತಾಡುತ್ತಿದ್ದೀರಿ, ನಾನು ನಾನೂರು ವರ್ಷ ಹಿಂದೆ ಹೋಗುತ್ತೇನೆ. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಮಾಲ್ಡನ್ ಇದೆ. 991ರಲ್ಲಿ ಅಲ್ಲಿ ವೈಕಿಂಗರ ಜೊತೆ ಯುದ್ಧವಾಯಿತು. ಅದರ ಮೇಲೊಂದು ಹಳೆಯ ಇಂಗ್ಲಿಷ್ ಪದ್ಯವಿದೆ. ಹಸ್ತಪ್ರತಿ 1731ರ ಬೆಂಕಿಯಲ್ಲಿ ಸುಟ್ಟುಹೋಯಿತು. ಯಾರೋ ಮೊದಲೇ ನಕಲು ಮಾಡಿಟ್ಟಿದ್ದರಿಂದ 325 ಸಾಲು ಉಳಿದಿದೆ.

ಯುದ್ಧ ನಡೆದ ಜಾಗ ಎಂದು ಹೇಳುವ ಕಡೆ ನಾರ್ದಿ ಎಂಬ ದ್ವೀಪ. ದಡಕ್ಕೂ ಅದಕ್ಕೂ ನಡುವೆ ಸಣ್ಣ ದಾರಿ, ಉಬ್ಬರ ಬಂದರೆ ಮುಳುಗುತ್ತದೆ. ನಾನು ಇಳಿತದ ಹೊತ್ತಿನಲ್ಲಿ ಹೋಗಿ ನಿಂತು ನೋಡಿದ್ದೇನೆ. ಎರಡು ಕಡೆಯೂ ಕೆಸರು, ನಡುವೆ ಆ ದಾರಿ. ಕೆಲವೇ ಜನ ತಡೆದು ನಿಲ್ಲಿಸಬಹುದು. ಪದ್ಯದಲ್ಲಿ ಮೂರು ಜನ ಹಾಗೇ ತಡೆದು ನಿಲ್ಲಿಸುತ್ತಾರೆ. ಆಗ ವೈಕಿಂಗರು ದಾಟಲು ಬಿಡಿ ಎಂದು ಕೇಳುತ್ತಾರೆ. ನಾಯಕ ಬಿರ್ತ್‌ನಾತ್ ಬಿಟ್ಟುಬಿಡುತ್ತಾನೆ. ಯಾಕೆ? ಕವಿ ಒಂದೇ ಮಾತು ಹೇಳುತ್ತಾನೆ: ಅವನ ‘ಓಫರ್‌ಮೋಡ್’ ಕಾರಣದಿಂದ. ನಾಯಕ ಸಾಯುತ್ತಾನೆ, ಯುದ್ಧ ಸೋಲುತ್ತಾರೆ.

‘ಮೋಡ್’ ಅಂದರೆ ಮನಸ್ಸು, ಎದೆ, ಧೈರ್ಯ. ‘ಓಫರ್’ ಅಂದರೆ ಅತಿ, ಮೀರಿದ. ಕನ್ನಡದಲ್ಲಿ ಏನನ್ನೋಣ?

ತಾಳೆಗರಿ:

ಸೊಕ್ಕು. ಹಳೆಯ ಇಂಗ್ಲಿಷಿನ ಧಾರ್ಮಿಕ ಪದ್ಯದಲ್ಲಿ ದೇವರ ಮೇಲೆ ತಿರುಗಿಬಿದ್ದ ಸೈತಾನನಿಗೂ ಇದೇ ಮಾತು ಹೇಳಿದೆ. ‘ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಟೋಲ್ಕಿನ್ ಕೂಡ 1953ರಲ್ಲಿ ಇದರ ಬಗ್ಗೆ ಬರೆದಾಗ ಇದನ್ನು ನಾಯಕನ ಮೇಲಿನ ಕಟುವಾದ ಟೀಕೆ ಎಂದೇ ಓದಿದರು.

ದೂರದೂರು:

ಆ ದಾರಿಯ ಮೇಲೆ ನಿಂತಾಗ ನನಗೆ ಸೊಕ್ಕು ಅನಿಸಲಿಲ್ಲ. ದಾಟಲು ಬಿಡದಿದ್ದರೆ ಅವರು ಹಡಗು ಹತ್ತಿ ಮುಂದಿನ ಊರಿಗೆ ಹೋಗಿ ಕೊಳ್ಳೆ ಹೊಡೆಯುತ್ತಿದ್ದರು. ಇಲ್ಲೇ ಮುಗಿಸೋಣ ಎಂದು ಅವನಿಗೆ ಅನಿಸಿರಬಹುದು. ಪದ್ಯ ಅವನನ್ನು ಉದ್ದಕ್ಕೂ ಗೌರವದಿಂದ ಕಾಣುತ್ತೆ. ಅವನು ಸತ್ತ ಮೇಲೂ ಜೊತೆಯವರು ಅವನಿಗಾಗಿ ಒಬ್ಬೊಬ್ಬರೇ ಪ್ರಾಣ ಕೊಡುತ್ತಾರೆ. ಸೊಕ್ಕಿನವನಿಗೆ ಹಾಗೆ ಯಾರು ಸಾಯುತ್ತಾರೆ?

ಹಳೇಬೀಡಿನ ಓದುಗ:

‘ಹುಂಬತನ’ ಹೇಗೆ? ಹುಂಬನಿಗೆ ಧೈರ್ಯ ಕಡಿಮೆಯಿಲ್ಲ. ಹಿಂದುಮುಂದು ನೋಡುವುದಿಲ್ಲ, ಅಷ್ಟೇ. ಅವನನ್ನು ಬೈದ ಹಾಗೂ ಆಯಿತು, ಅವನ ಎದೆಗಾರಿಕೆ ಒಪ್ಪಿದ ಹಾಗೂ ಆಯಿತು.

ತಾಳೆಗರಿ:

ಹುಂಬತನದಲ್ಲಿ ‘ನಾನು’ ಎಂಬುದು ಇಲ್ಲ. ಓಫರ್‌ಮೋಡ್‌ನಲ್ಲಿ ಇದೆ. ನಾನು ಸೊಕ್ಕು ಬಿಡುವುದಿಲ್ಲ. ಬೇಕಾದರೆ ‘ಎದೆಸೊಕ್ಕು’ ಎನ್ನಿ.

ದೂರದೂರು:

ಎದೆಸೊಕ್ಕು... ಅಷ್ಟಕ್ಕೆ ನಾನೂ ಬರುತ್ತೇನೆ. ಇಂಥದ್ದೇ ಇನ್ನೊಂದು ಬೇವುಲ್ಫ್ ಎಂಬ ಹಳೆಯ ಇಂಗ್ಲಿಷ್ ವೀರಕಾವ್ಯದಲ್ಲಿದೆ. 3182 ಸಾಲಿನ ಕಾವ್ಯದ ಕಟ್ಟಕಡೆಯ ಮಾತು ‘ಲೋಫ್‌ಯೆರ್ನೋಸ್ಟ್’. ಎಲ್ಲರಿಗಿಂತ ಹೆಚ್ಚು ಹೆಸರಿಗೆ ಹಂಬಲಿಸಿದವನು ಎಂದು. ಸತ್ತ ರಾಜನಿಗೆ ಅವನ ಜನ ಹೇಳುವ ಮಾತು. ಅದಕ್ಕೆ ಮುಂಚಿನ ಮೂರೂ ಮಾತು ಮೆತ್ತನೆಯವು: ದಯೆಯವನು, ಜನರೊಡನೆ ಮೃದುವಾದವನು, ಪ್ರಜೆಗಳ ಮೇಲೆ ಅಕ್ಕರೆಯವನು. ಪಾದ್ರಿಗಳ ಗದ್ಯದಲ್ಲಿ ಇದೇ ಮಾತು ಹೊಗಳಿಕೆಗೆ ಬಾಯಿಬಿಡುವವನು ಎಂಬ ಬೈಗುಳ. ಇಲ್ಲಿ ಬೈಗುಳ ಅಲ್ಲ ಎಂದು ನನ್ನ ನಂಬಿಕೆ. ಚಿತೆ ಉರಿದು ಹೋದ ಮೇಲೆ, ಅತ್ತುಕೊಂಡು ಕುದುರೆ ಮೇಲೆ ಸಮಾಧಿ ಸುತ್ತುತ್ತಿರುವವರು ಬೈಯುತ್ತಾರಾ?

ಸಂಪಿಗೆಮರ:

ನಾನು ಎರಡು ದಿನ ಓದಿ ಬಂದೆ. ಫ್ರಾಂಕ್ಲಿನ್ ಕಥೆ ಮುಗಿಸಿದೆ. ನನ್ನ ಉತ್ತರ: ಎಲ್ಲರಿಗಿಂತ ಫ್ರೀ ಆ ಪಂಡಿತ. ಅವನಿಗೆ ಇವರು ಯಾರೂ ಏನೂ ಆಗಬೇಕಿರಲಿಲ್ಲ. ಆದರೆ ಡೋರಿಜೆನ್‌ಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮೂವರು ಗಂಡಸರಲ್ಲಿ ಯಾರು ದೊಡ್ಡವರು ಎಂದು ಕೇಳಿದ್ದು ನನಗೆ ಬೇಸರ ತಂದಿತು.

ಇನ್ನೊಂದು. ಪ್ರಯೋರೆಸ್ (ಸನ್ಯಾಸಿನಿಯರ ಮಠದ ಮುಖ್ಯಸ್ಥೆ) ಚಿತ್ರದಲ್ಲಿ ‘ಕಾನ್ಷಿಯನ್ಸ್’ ಬಂತು. ‘ಮನಸ್ಸಾಕ್ಷಿ’ ಎಂದು ಬರೆದು ನಿಲ್ಲಿಸಿದೆ. ಅದೂ ತಪ್ಪಾ?

ಕಡಲತಡಿ:

ತಪ್ಪೇ. ಅಲ್ಲಿ ಅದರ ಅರ್ಥ ಮಿಡಿಯುವ ಮನಸ್ಸು. ಬೋನಿಗೆ ಬಿದ್ದ ಇಲಿ ಕಂಡರೆ ಅಳುತ್ತಾಳೆ. ತನ್ನ ಪುಟ್ಟ ನಾಯಿಗಳಿಗೆ ಹುರಿದ ಮಾಂಸ, ಹಾಲು, ಬಿಳಿ ರೊಟ್ಟಿ ಹಾಕುತ್ತಾಳೆ. ಯಾರಾದರೂ ಕೋಲಿನಿಂದ ಹೊಡೆದರೆ ಅಳು. ‘ಕರುಳು’ ಎಂದು ಬರೆಯಿರಿ. ‘ಅವಳೆಂದರೆ ಬರೀ ಕರುಳು’. ಆದರೆ ಆ ಕರುಳು ಇಲಿ, ನಾಯಿ ದಾಟಿ ಮನುಷ್ಯರವರೆಗೆ ಬಂದದ್ದು ಆ ಚಿತ್ರದಲ್ಲಿ ಕಾಣುವುದಿಲ್ಲ. ಮುಂದೆ ಅವಳು ಹೇಳುವ ಕಥೆಯಲ್ಲಿ ಯಹೂದಿಗಳ ಮೇಲೆ ಎಷ್ಟು ದ್ವೇಷ ಇದೆ ಅಂದರೆ ಓದುವುದಕ್ಕೆ ಕಷ್ಟವಾಗುತ್ತೆ.

ಹಳೇಬೀಡಿನ ಓದುಗ:

ಡೋರಿಜೆನ್ ಬಗ್ಗೆ ನೀವು ಹೇಳಿದ್ದು ಸರಿಯಾಗಿದೆ. ಬರೆದಿಟ್ಟುಕೊಳ್ಳಿ, ಒಳ್ಳೆ ಪ್ರಬಂಧ ಆಗುತ್ತೆ.

ಡೇಂಜರಸ್ ಉಳಿದಿದೆ. ಅದರಲ್ಲಿ ಅಪಾಯ ಹುಡುಕಬೇಡಿ. ‘ಡೇಂಜರ್’ ಮೂಲದಲ್ಲಿ ಒಡೆಯನ ಅಧಿಕಾರ. ಆಮೇಲೆ ಅಂಥವರ ಬಿಗುಮಾನ, ಹತ್ತಿರ ಸೇರಿಸದ ಗತ್ತು. ಪಾರ್ಸನ್ ಒಳ್ಳೆಯ ಪಾದ್ರಿ. ಪಾಪ ಮಾಡಿದವರ ಜೊತೆ ಅವನ ಮಾತು ‘ಡೇಂಜರಸ್’ ಅಲ್ಲ. ಅಂದರೆ ಬಿಗಿದುಕೊಂಡು ಮಾತಾಡುವವನಲ್ಲ. ಮಿಲ್ಲರ್ ಕಥೆಯಲ್ಲಿ ಆಲಿಸನ್ ಹಿಂದೆ ಬೀಳುವ ಇನ್ನೊಬ್ಬ ಅಬ್ಸಲನ್, ಅವನು ಮಾತಿನಲ್ಲಿ ‘ಡೇಂಜರಸ್’. ಅವನಿಗೆ ಒರಟು ಮಾತು ಕೇಳಿದರೆ ಮೈ ಮುದುಡುತ್ತೆ, ಮಡಿವಂತ. ಒಂದೇ ಮಾತು, ಒಬ್ಬನಲ್ಲಿ ಇಲ್ಲದೆ ಇರುವುದು ಗುಣ, ಇನ್ನೊಬ್ಬನಲ್ಲಿ ಇರುವುದು ನಗುವಿಗೆ ಕಾರಣ.

ಮಿಶಿಗನ್ ವಿಶ್ವವಿದ್ಯಾಲಯದ ಮಿಡಲ್ ಇಂಗ್ಲಿಷ್ (ಚಾಸರನ ಕಾಲದ ಇಂಗ್ಲಿಷ್) ನಿಘಂಟು ಇಂಟರ್ನೆಟ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತೆ. 2001ರಲ್ಲಿ ಮುಗಿದ ಕೆಲಸ. ಒಂದೊಂದು ಅರ್ಥದ ಕೆಳಗೆ ಆ ಕಾಲದ ಸಾಲುಗಳೇ ಇರುತ್ತವೆ. ಮೊದಲು ಆ ಸಾಲುಗಳನ್ನು ಓದಿ. ಯಾರ ಬಗ್ಗೆ ಹೇಳಿದ್ದಾರೆ ನೋಡಿ. ಅರ್ಥ ಆಮೇಲೆ ನೋಡಿ. ಕಾಗುಣಿತ ನಾಲ್ಕೈದು ತರ ಇರುತ್ತೆ, ಒಂದು ಸಿಗದಿದ್ದರೆ ಇನ್ನೊಂದು ಹಾಕಿ ಹುಡುಕಿ.

ಸಂಪಿಗೆಮರ:

ನೈಟ್ ಸಾಲು ಈಗ ಹೀಗಿದೆ: ‘ಕೊಟ್ಟ ಭಾಷೆ, ಗೌರವ, ಬಿಚ್ಚುಗೈ, ನಯ ನಡತೆ ಇವೆಂದರೆ ಅವನಿಗೆ ಪ್ರಾಣ.’

ತಾಳೆಗರಿ:

ಗೌರವ ತೆಗೆದು ‘ಮಾನ’ ಹಾಕಿ. ಗೌರವ ಬೇರೆಯವರು ಕೊಡುವುದು. ಮಾನ ತಾನು ಕಾಪಾಡಿಕೊಳ್ಳುವುದು. ಬಿಚ್ಚುಗೈ ಬಹಳ ಚೆನ್ನಾಗಿದೆ, ನನ್ನ ಔದಾರ್ಯ ಹಿಂತೆಗೆದುಕೊಂಡೆ.

ಸಂಪಿಗೆಮರ:

ಮಾನ ಹಾಕಿದೆ. ಈಗ ಸಮನರ್ ಚಿತ್ರಕ್ಕೆ ಬಂದಿದ್ದೇನೆ. ‘ಜೆಂಟಿಲ್ ಹಾರ್ಲಟ್’ ಎಂದಿದೆ. ಹಾರ್ಲಟ್ ಅಂದರೆ ಸೂಳೆ ಅಲ್ವಾ? ಇವನು ಗಂಡಸು.

ಹಳೇಬೀಡಿನ ಓದುಗ:

ಆಗ ಹಾರ್ಲಟ್ ಗಂಡಸಿಗೇ ಹೇಳುತ್ತಿದ್ದ ಮಾತು. ಪೋಲಿ, ಪುಂಡ. ಹೆಂಗಸರಿಗೆ ಅಂಟಿದ್ದು ಆಮೇಲೆ. ಅದೇ ಸಾಲಿನಲ್ಲಿ ‘ಕೈಂಡ್’ ಅಂತಲೂ ಇದೆ ನೋಡಿ. ಮುಂದಿನ ಸಾಲುಗಳನ್ನು ಓದಿ: ಒಂದು ಕ್ವಾರ್ಟ್ ವೈನ್ ಕೊಟ್ಟವನನ್ನು ಈ ಸಮನರ್ ವರ್ಷಪೂರ್ತಿ ಇಟ್ಟುಕೊಂಡವಳ ಜೊತೆ ಇರಲು ಬಿಡುತ್ತಾನೆ. ಅಂಥ ಪಾಪ ಹಿಡಿದು ಧರ್ಮದ ಕೋರ್ಟಿಗೆ ಎಳೆಯುವುದೇ ಅವನ ಕೆಲಸ.

ಕಡಲತಡಿ:

ಹಾಗಿದ್ದರೆ ‘ಒಳ್ಳೆ ಮನಸ್ಸಿನ ಪೋಲಿ’.

ಸಂಪಿಗೆಮರ:

ಬರೆದುಕೊಂಡೆ.